ಮನೆಯಲ್ಲಿ ನಾಟಕವಾಚನ

ಮನೆಯಲ್ಲಿ ನಾಟಕವನ್ನೋದಲು ರಂಗಸ್ಥಳವೂ ಬೇಡ, ವೇಷಭೂಷಣವೂ ಬೇಡ. ಒಂದು ಜಮಖಾನ, ಐದಾರು ಮಂದಿ ಸಹೃದಯರು ಸಾಕು. ಇಡೀ ನಾಟಕಕ್ಕೆ ಕೈಹಾಕದೆ ಮೆಚ್ಚಿದ ಒಂದಂಕವನ್ನಾರಿಸಿ, ಮುನ್ನಾದಿನವೇ ಪಾತ್ರಗಳನ್ನು ಹಂಚಬೇಕು.

ಕಳೆದ ತಿಂಗಳು ನಮ್ಮಲ್ಲಿ ಬಸವಪ್ಪಶಾಸ್ತ್ರಿಗಳು ಕನ್ನಡಿಸಿದ ಶಾಕುಂತಲದ 4ನೆಯ ಅಂಕವನ್ನೋದಿದೆವು. ಕಣ್ವರ ಮಾತುಗಳನ್ನು ನೆರೆಮನೆಯ ಗೃಹಸ್ಥರಿಗೆ ಕೊಟ್ಟಿದ್ದೆನು. ಅವರು ಮಗಳನ್ನು ಪತಿಗೃಹಕ್ಕೆ ಕಳುಹಿ ವಾರವೂ ಆಗಿರಲಿಲ್ಲವೆಂಬುದು ನನಗೆ ಹೊಳೆಯಲಿಲ್ಲ. ಬಾಯ ಗಾಯಕ್ಕೆ ಇಂಗುದೀತೈಲವನ್ನು ಹಚ್ಚಿ ಶಕುಂತಲೆ ಸಾಕಿದ ಜಿಂಕೆಯ ಮರಿ ಅವಳ ಸೆರಗನ್ನೆಳೆಯುವೆಡೆಯಲ್ಲಿ ಅವರ ಕಂಠವು ಬಿಗಿಯಿತು. ಪುಸ್ತಕವನ್ನು ಮುಚ್ಚೋಣವೆಂದೆನು. ಅವರೊಪ್ಪಲಿಲ್ಲ, ಕನ್ನಡಕವನ್ನೊರಸಿಕೊಂಡು ಕಡೆಯವರೆಗೂ ಓದಿದರು.

ಪಾತ್ರ ಹಂಚುವವನು ಓದುವವರ ಮನೆಯ ಸುಖದುಃಖವನ್ನೂ ಅರಿತಿರಬೇಕು. ಆದರೂ ಒಂದು ಮಾತು: ಮೂವತ್ತು ವರ್ಷ ಶಾಲೆಯಲ್ಲಿ ಆ ಅಂಕಕ್ಕೆ ಅರ್ಥ ಹೇಳಿದವನು ನಾನು, ಅದರ ಅರ್ಥವನ್ನು ತಿಳಿದದ್ದು ಅಂದು.