ವೇಷ ಬೇಡ, ಕೆಲಸ ಕೊಡಿ

ಬೇಸಿಗೆ ರಜೆ ಬಂತೆಂದರೆ ಶಿಬಿರಗಳ ಸುಗ್ಗಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಆಹ್ವಾನ ಪತ್ರಿಕೆಗಳೂ ನಮ್ಮ ಪತ್ರಿಕೆಯ ವಿಳಾಸಕ್ಕೆ ಬರುತ್ತವೆ. ಭಾವೈಕ್ಯ, ಸೌಹಾರ್ದ, ಸಂಸ್ಕೃತಿ ವಿನಿಮಯ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಕೆಳಗೆ ಕಾರ್ಯಕ್ರಮದ ವಿವರ: ಉದ್ಘಾಟನೆ, ಒಂದು ಬುಡಕಟ್ಟು ನೃತ್ಯ, ಒಂದು ಟಿಬೆಟನ್ ನೃತ್ಯ, ಸಹಭೋಜನ, ಸಮಾರೋಪ. ನಡೆಸುವವರ ಸದುದ್ದೇಶದಲ್ಲಿ ನಮಗೆ ಅನುಮಾನವಿಲ್ಲ. ಆದರೆ ಇಷ್ಟರಿಂದ ಒಬ್ಬರ ಬಗ್ಗೆ ಇನ್ನೊಬ್ಬರಿಗಿರುವ ಪೂರ್ವಗ್ರಹ ಒಂದಿಂಚಾದರೂ ಕದಲುತ್ತದೆಯೇ ಎಂದು ಈಗಲಾದರೂ ಕೇಳಿಕೊಳ್ಳಬೇಕು.

ಈ ಪ್ರಶ್ನೆ ಕೇಳಲು ಆ ನಾಲ್ಕು ತಾಲ್ಲೂಕುಗಳಿಗಿಂತ ತಕ್ಕ ಜಾಗ ಮೈಸೂರು ಸೀಮೆಯಲ್ಲಿ ಇನ್ನೊಂದಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ಸುಮಾರಿಗೆ ಕಾಡು ಕಡಿದು ನೆಲೆ ನಿಂತ ಟಿಬೆಟನ್ನರ ಮೂರನೆಯ ತಲೆಮಾರು ಈಗ ಅಂಗಡಿ ನಡೆಸುತ್ತಿದೆ, ಮುಸುಕಿನ ಜೋಳ ಬೆಳೆಯುತ್ತಿದೆ. ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಅವರ ಕ್ಯಾಂಪುಗಳಿವೆ. ಅದೇ ತಾಲ್ಲೂಕಿನ ಪಕ್ಷಿರಾಜಪುರದಲ್ಲಿ ಹಕ್ಕಿಪಿಕ್ಕಿಗಳಿದ್ದಾರೆ. ಮನೆಯೊಳಗೆ ಗುಜರಾತಿಯ ನಂಟಿರುವ ವಾಗ್ರಿ, ಹೊರಗೆ ಕನ್ನಡ. ಕೋಟೆ ಕಡೆಯ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು. ಬೆಟ್ಟದಪುರದಲ್ಲಿ ತಮಿಳು, ಮಲಯಾಳ, ಕನ್ನಡ ಮೂರೂ ಬೆರೆತಂತೆ ಕೇಳುವ ಸಂಕೇತಿ ಮಾತು. ಕೆ.ಆರ್. ನಗರದ ಕಡೆ ಹೋದರೆ ರಾಮಾನುಜರ ನೆನಪಿಗೆಂದು ಶ್ರೀವೈಷ್ಣವರು ಬರುವ ಸಾಲಿಗ್ರಾಮದಲ್ಲೇ ಜೈನರ ಬಸದಿಗಳೂ ಇವೆ. ಇವರೆಲ್ಲರ ನಡುವೆ ಒಕ್ಕಲಿಗರು, ಕುರುಬರು, ನಾಯಕರು, ದಲಿತರು, ಲಿಂಗಾಯತರು, ಮುಸ್ಲಿಮರು. ವಯನಾಡಿನಿಂದ ಗಡಿ ದಾಟಿ ಬಂದು ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕುವ ಮಲಯಾಳಿಗಳು.

ಅಕ್ಕಪಕ್ಕ ಇರುವವರೆಲ್ಲ ಒಬ್ಬರನ್ನೊಬ್ಬರು ಬಲ್ಲವರೇನಲ್ಲ. ತಂಬಾಕು ಹರಾಜು ಮಾರುಕಟ್ಟೆಯ ಹೊರಗಿನ ಹೋಟೆಲಿನಲ್ಲಿ ಒಂದು ಟೀ ಮುಗಿಯುವಷ್ಟರಲ್ಲಿ ಎಲ್ಲರ ಜಾತಕವೂ ಕಿವಿಗೆ ಬೀಳುತ್ತದೆ. ಹಾಡಿಯವರಿಗೆ ಮುಂಗಡ ಕೊಟ್ಟರೆ ಮುಗೀತು, ಮತ್ತೆ ಕೆಲಸಕ್ಕೆ ಬರೋದಿಲ್ಲ. ಕ್ಯಾಂಪಿನವರಿಗೆ ಫಾರಿನ್ ದುಡ್ಡು ಬರುತ್ತೆ, ಅವರಿಗೇನು ಕಷ್ಟ. ಶುಂಠಿಯವರು ನೆಲ ಕೆಡಿಸಿ ಹೊರಟುಹೋಗ್ತಾರೆ. ಹಕ್ಕಿಪಿಕ್ಕಿಗಳ ಎಣ್ಣೆ ಬರೀ ಮೋಸ. ಹೇಳುವವರು ಕೆಟ್ಟವರಲ್ಲ, ಅವರಪ್ಪ ಹೇಳಿದ್ದನ್ನು ಅವರು ಹೇಳುತ್ತಿದ್ದಾರೆ. ಇಂಥದೇ ಮಾತು ಎದುರು ದಿಕ್ಕಿನಲ್ಲೂ ಇದ್ದೀತು. ಊರಿನವರ ಬಗ್ಗೆ ಹಾಡಿಯಲ್ಲಿ ಕೇಳಿದರೆ ಕೂಲಿ ಬಾಕಿ ಇಟ್ಟುಕೊಳ್ಳುವವರು, ಲೆಕ್ಕದಲ್ಲಿ ಕೈ ಆಡಿಸುವವರು ಎಂದಾರು. ನಾವು ಕೇಳಿಲ್ಲ, ಅಷ್ಟೆ.

ಇಂಥ ಕಡೆ ವೇದಿಕೆಯ ಮೇಲೆ ನಡೆಯುವ ಸಂಸ್ಕೃತಿ ವಿನಿಮಯ ಏನು ಮಾಡುತ್ತದೆ? ಯಾವುದಾದರೂ ಶಾಲೆಯ ವಾರ್ಷಿಕೋತ್ಸವ ನೆನಪಿಸಿಕೊಳ್ಳಿ. ಆದಿವಾಸಿ ನೃತ್ಯವೆಂದು ಮೈಕಿನಲ್ಲಿ ಕೂಗುತ್ತಾರೆ. ಮೈಗೆ ಮಸಿ ಬಳಿದುಕೊಂಡು, ಸೊಂಟಕ್ಕೆ ಸೊಪ್ಪು ಕಟ್ಟಿ, ತಲೆಗೆ ಗರಿ ಸಿಕ್ಕಿಸಿ, ಕೋಲನ್ನೇ ಈಟಿ ಮಾಡಿಕೊಂಡ ಎಂಟು ಮಕ್ಕಳು ಹೂ ಹೂ ಎನ್ನುತ್ತ ಕುಣಿಯುತ್ತವೆ. ಆ ಹಾಡು ಯಾವ ಕಾಡಿನದೂ ಅಲ್ಲ, ಯಾವ ಭಾಷೆಯದೂ ಅಲ್ಲ. ಮೂರನೆಯ ಸಾಲಿನಲ್ಲಿ ಯೂನಿಫಾರಂ ತೊಟ್ಟು, ರಿಬ್ಬನ್ನಿನಲ್ಲಿ ಎರಡು ಜಡೆ ಮಡಿಚಿ ಕಟ್ಟಿದ ಜೇನುಕುರುಬರ ಹುಡುಗಿ ಕೂತಿರುತ್ತಾಳೆ. ಪಕ್ಕದವಳು ಮೊಣಕೈಯಲ್ಲಿ ತಿವಿದು, ‘ನೋಡೇ, ನಿಮ್ಮೋರು’ ಎನ್ನುತ್ತಾಳೆ. ಅವಳಪ್ಪ ಪ್ಯಾಂಟು ಷರಟು ಹಾಕಿಕೊಂಡು ಬೆಳಗ್ಗೆ ಜೀಪು ಹತ್ತಿ ಕೊಡಗಿನ ಕಾಫಿ ತೋಟಕ್ಕೆ ಹೋಗುವವನು. ಅವನ ಬದುಕಿನ ಒಂದೆಳೆಯೂ ಆ ವೇದಿಕೆಯಲ್ಲಿಲ್ಲ. ಆದರೂ ಚಪ್ಪಾಳೆ ಮುಗಿಯುವ ಹೊತ್ತಿಗೆ ಇಡೀ ಶಾಲೆಯ ಕಣ್ಣಲ್ಲಿ ಅವಳು ಸೊಪ್ಪು ಉಟ್ಟವರ ಪೈಕಿ.

ಒಟ್ಟಿಗೆ ಕೂತು ಉಂಡರೆ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಒರೆಗೆ ಹಚ್ಚಿದ ಒಂದು ಪ್ರಸಿದ್ಧ ಪ್ರಯೋಗ 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ನಡೆಯಿತು. ತುರ್ಕಿ ಮೂಲದ ಮನಶ್ಶಾಸ್ತ್ರಜ್ಞ ಮುಜಫರ್ ಶೆರಿಫ್ ಹನ್ನೊಂದು ವರ್ಷದ ಆಸುಪಾಸಿನ 22 ಹುಡುಗರನ್ನು ಬೇಸಿಗೆ ಶಿಬಿರಕ್ಕೆಂದು ಕರೆದೊಯ್ದು ಎರಡು ಗುಂಪು ಮಾಡಿದರು. ಪಂದ್ಯಗಳು ಶುರುವಾದ ಮೇಲೆ ಬೈಗುಳ, ಬಾವುಟ ಸುಡುವುದು, ರಾತ್ರಿ ಹೊತ್ತು ಇನ್ನೊಂದು ಗುಂಪಿನ ಕೊಠಡಿಗೆ ನುಗ್ಗುವುದು ಎಲ್ಲ ಆಯಿತು. ಆಮೇಲೆ ಎರಡೂ ಗುಂಪನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು, ಸಿನಿಮಾ ತೋರಿಸಿದರು. ಊಟದ ಮನೆಯಲ್ಲಿ ಅನ್ನದ ಬದಲು ಜಗಳವೇ ಬಡಿಸಿದಂತಾಯಿತು, ಒಬ್ಬರ ಮೇಲೊಬ್ಬರು ತಿಂಡಿ ಎಸೆದಾಡಿದರು. ಕಡೆಗೆ ಶಿಬಿರದ ನೀರು ನಿಂತಿತು, ಲಾರಿ ಕೆಟ್ಟು ನಿಂತಿತು. ಇದನ್ನೂ ಪ್ರಯೋಗ ನಡೆಸಿದವರೇ ಹೂಡಿದ್ದರು. ನೀರಿನ ಕೊಳವೆ ಹುಡುಕಲು ಎರಡೂ ಗುಂಪು ಬೇಕಾಯಿತು, ಲಾರಿ ಎಳೆಯಲು ಎಲ್ಲರ ಕೈ ಬೇಕಾಯಿತು. ಇಂಥ ನಾಲ್ಕಾರು ಕೆಲಸ ಮುಗಿಯುವಷ್ಟರಲ್ಲಿ ಹಗೆ ಕರಗಿತು.

ಅದೇ ವರ್ಷ ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ಪೂರ್ವಗ್ರಹದ ಸ್ವರೂಪದ ಬಗ್ಗೆ ತಮ್ಮ ಪುಸ್ತಕ ಪ್ರಕಟಿಸಿದರು. ಬೇರೆ ಬೇರೆ ಜನ ಬೆರೆತರೆ ಸಾಲದು, ನಾಲ್ಕು ಷರತ್ತು ಇರಬೇಕೆಂದರು: ಸಮಾನ ಸ್ಥಾನ, ಒಂದೇ ಗುರಿ, ಪೈಪೋಟಿಯಿಲ್ಲದ ಸಹಕಾರ, ಮೇಲಿನವರ ಬೆಂಬಲ. ಶೆರಿಫ್ ಅವರ ಹುಡುಗರೆಲ್ಲ ಒಂದೇ ಬಗೆಯ ಮನೆಗಳಿಂದ ಬಂದವರು, ಹಾಗಾಗಿ ಮೊದಲ ಷರತ್ತಿನ ತೊಡಕು ಅಲ್ಲಿರಲಿಲ್ಲ. ನಮ್ಮಲ್ಲಿ ಅದೇ ದೊಡ್ಡ ತೊಡಕು. ಶಿಬಿರದಲ್ಲಿ ಒಂದೇ ಟೀ ಷರ್ಟು ತೊಟ್ಟರೂ ಒಬ್ಬನ ಅಪ್ಪ ಜಮೀನುದಾರ, ಇನ್ನೊಬ್ಬನ ಅಪ್ಪ ಅದೇ ಜಮೀನಿನ ಕೂಲಿ ಎಂಬುದು ಮಕ್ಕಳಿಗೆ ಗೊತ್ತಿರುತ್ತದೆ.

ಒಂದೇ ಗುರಿಗೆ ಈ ತಾಲ್ಲೂಕುಗಳಲ್ಲಿ ನೀರಿನ ಕೊಳವೆ ಮುಚ್ಚಿ ನಾಟಕ ಹೂಡಬೇಕಾಗಿಲ್ಲ. ನಾಗರಹೊಳೆಯಿಂದ ಇಳಿಯುವ ಆನೆ ಟಿಬೆಟನ್ನರ ಜೋಳ ಯಾವುದು, ಗೌಡರ ರಾಗಿ ಯಾವುದು, ಮಲಯಾಳಿಯ ಬಾಳೆ ಯಾವುದು ಎಂದು ನೋಡುವುದಿಲ್ಲ. ರೈಲು ಹಳಿಯ ಬೇಲಿ ಎಲ್ಲಿ ತುಂಡಾಗಿದೆ, ಸೋಲಾರ್ ತಂತಿ ಯಾರ ಹೊಲದ ಬಳಿ ಸತ್ತಿದೆ, ಆನೆ ಯಾವ ಹಾದಿ ಹಿಡಿಯುತ್ತದೆ ಎಂದು ಕ್ಯಾಂಪಿನ, ಊರಿನ, ಹಾಡಿಯ ಯುವಕರು ಕೂಡಿ ಒಂದು ನಕ್ಷೆ ಬರೆದರೆ ಅದು ಹತ್ತು ಭಾವೈಕ್ಯ ಭಾಷಣಗಳಿಗೆ ಸಮ. ಅಲ್ಲಿ ಹೆಜ್ಜೆ ಗುರುತು ಓದಬಲ್ಲ ಹಾಡಿಯವನ ಮಾತಿಗೆ ತಾನಾಗಿ ತೂಕ ಬರುತ್ತದೆ. ಅರಣ್ಯ ಇಲಾಖೆಗೆ ಅರ್ಜಿ ಬರೆಯಬಲ್ಲವನಿಗೂ ಒಂದು ಕೆಲಸ ಸಿಗುತ್ತದೆ.

ತರಗತಿಯೊಳಗಿನ ಕೆಲಸಕ್ಕೆ ಇನ್ನೊಂದು ದಾರಿಯಿದೆ. 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ಹೊಡೆದಾಟ ಶುರುವಾಯಿತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ಪಾಠವನ್ನು ತುಂಡು ಮಾಡಿ ಗುಂಪಿನ ಒಂದೊಂದು ಮಗುವಿಗೆ ಒಂದೊಂದು ತುಂಡು ಕೊಟ್ಟರು. ಪೂರ್ತಿ ಪಾಠ ಬೇಕಾದರೆ ಪಕ್ಕದವನು ಹೇಳುವುದನ್ನು ಕೇಳಲೇಬೇಕು. ಹಂಗಿಸಿದರೆ ನಷ್ಟ ಹಂಗಿಸಿದವನಿಗೇ.

ಇದನ್ನು ಲಕ್ಷ್ಮಣತೀರ್ಥ ನದಿಯ ಪಾಠಕ್ಕೆ ಹೊಂದಿಸಿ ನೋಡೋಣ. ಬ್ರಹ್ಮಗಿರಿಯ ಕಾಡಿನಲ್ಲಿ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ, ಹುಣಸೂರು ಪೇಟೆಯ ಕೊಳೆಯನ್ನೂ ಹೊತ್ತು ಕಾವೇರಿ ಸೇರುವ ನದಿ ಅದು. ಕಾಡು, ಗದ್ದೆ, ಮೀನು, ಪೇಟೆಯ ಕೊಳೆ, ಜಾತ್ರೆ ಎಂದು ಐದು ತುಂಡು ಮಾಡಬಹುದು. ಮೇಷ್ಟ್ರು ಎಚ್ಚರ ತಪ್ಪುವುದು ಹಂಚುವಾಗ. ಹಾಡಿಯ ಹುಡುಗನಿಗೆ ಕಾಡು ಕೊಟ್ಟರೆ ಮತ್ತೆ ಸೊಪ್ಪಿನ ವೇಷವೇ ಆಯಿತು. ಅವನಿಗೆ ಪೇಟೆಯ ಕೊಳೆಯ ಲೆಕ್ಕ ಕೊಡಿ, ನಗರಸಭೆಗೆ ಹೋಗಿ ಎಂಜಿನಿಯರನ್ನು ಮಾತಾಡಿಸಲಿ. ಟಿಬೆಟನ್ ಹುಡುಗಿ ಭತ್ತದ ಗದ್ದೆಯ ಬಗ್ಗೆ ಹೇಳಲಿ. ಕಾನ್ವೆಂಟಿನ ಹುಡುಗ ಹೊಳೆದಂಡೆಯ ಗಿಡಗಳ ಹೆಸರು ತರಲಿ. ಆ ಹೆಸರುಗಳಿಗಾಗಿ ಅವನು ಹಾಡಿಗೆ ಹೋಗಿ, ಜಗಲಿಯಲ್ಲಿ ಕೂತು, ‘ಅಜ್ಜಿ, ಇದಕ್ಕೇನಂತೀರಿ?’ ಎಂದು ಕೇಳಬೇಕಾಗುತ್ತದೆ. ಹಾಡಿಯ ಅಜ್ಜಿಯನ್ನು ಬಹುವಚನದಲ್ಲಿ ಮಾತಾಡಿಸುವುದು ಆ ಹುಡುಗನಿಗೆ ಬಹುಶಃ ಅದೇ ಮೊದಲು. ಪ್ರತಿಯೊಬ್ಬನ ತುಂಡೂ ಇನ್ನೊಬ್ಬರ ಮನೆಯಲ್ಲಿ ಪೂರ್ತಿಯಾಗುವಂತೆ ಹಂಚುವುದೇ ಈ ಆಟದ ಜಾಣ್ಮೆ.

ಇನ್ನೊಂದು ಎಚ್ಚರಿಕೆ, ಯಾರನ್ನೂ ಅವರ ಜನರ ವಕೀಲರನ್ನಾಗಿ ಕೂರಿಸಬೇಡಿ. ಹಬ್ಬದ ಮುಂಚೆ ಪೊಲೀಸ್ ಠಾಣೆಯಲ್ಲಿ ನಡೆಯುವ ಶಾಂತಿ ಸಭೆಗಳ ಮಿತಿ ಅದೇ. 2017ರ ಹನುಮ ಜಯಂತಿಯ ಮೆರವಣಿಗೆಯ ವಿವಾದದಲ್ಲಿ ಹುಣಸೂರು ಎಷ್ಟು ಬಿಗುವಾಗಿತ್ತೆಂದು ನೆನಪಿದ್ದವರಿಗೆ ಅಂಥ ಸಭೆಗಳು ಬೇಕೇ ಬೇಕು ಎನ್ನುವುದೂ ಗೊತ್ತು. ಆದರೆ ಅಲ್ಲಿ ಎಲ್ಲರೂ ತಂತಮ್ಮ ಕೋಮಿನ ಮುಖಂಡರಾಗಿ ಬರುತ್ತಾರೆ, ಮುಖಂಡರಾಗಿಯೇ ಎದ್ದು ಹೋಗುತ್ತಾರೆ. ಅದೇ ಜನ ಊರಿನ ಕೆರೆಯ ಹೂಳೆತ್ತಲು ಕೂತರೆ ಒಬ್ಬ ಟ್ರ್ಯಾಕ್ಟರ್ ಇದ್ದವನು, ಒಬ್ಬ ಗಾರೆ ಕೆಲಸದವನು, ಒಬ್ಬ ಲೆಕ್ಕ ಇಡುವವನು. ಶಿಬಿರದಲ್ಲೂ ಒಂದು ಗುಂಪಿಗೆ ಒಬ್ಬನೇ ಹಕ್ಕಿಪಿಕ್ಕಿ ಹುಡುಗನನ್ನು ಹಾಕಬೇಡಿ. ಇಬ್ಬರಿದ್ದರೆ ಅವರಲ್ಲೇ ಭಿನ್ನಾಭಿಪ್ರಾಯ ಹುಟ್ಟುತ್ತದೆ. ಹಕ್ಕಿಪಿಕ್ಕಿಗಳೆಲ್ಲ ಹೀಗೇ ಎನ್ನುವ ಮಾತು ಅಲ್ಲೇ ಸಡಿಲವಾಗುತ್ತದೆ.

ಪಕ್ಷಿರಾಜಪುರಕ್ಕೆ ಮಕ್ಕಳನ್ನು ಕರೆದೊಯ್ಯುವವರು ಪ್ರಶ್ನೆಗಳನ್ನೂ ಬದಲಿಸಲಿ. ಹಕ್ಕಿ ಹಿಡಿಯುತ್ತಿದ್ದಿರಾ ಎಂದು ಕೇಳಿದರೆ ಹಳೆಯ ಉತ್ತರವೇ ಬರುತ್ತದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಸುಬು ಅಪರಾಧವಾಯಿತು, ಜನ ಬೇರೆ ದಾರಿ ಹುಡುಕಿದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಗಿಡಮೂಲಿಕೆ ಔಷಧ ಮಾರಲು ಹೋದ ಹಕ್ಕಿಪಿಕ್ಕಿಗಳಿದ್ದರೆಂಬುದು ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಪಾಸ್‌ಪೋರ್ಟ್ ಹೇಗೆ ಮಾಡಿಸಿದಿರಿ, ಭಾಷೆ ಬಾರದ ದೇಶದಲ್ಲಿ ಚೌಕಾಸಿ ಹೇಗೆ, ದುಡ್ಡು ಊರಿಗೆ ಹೇಗೆ ಕಳಿಸಿದಿರಿ ಎಂದು ಕೇಳಲಿ. ಪೇಟೆಯ ಮಕ್ಕಳ ಎಷ್ಟೋ ಅಪ್ಪಂದಿರು ವಿಮಾನ ಹತ್ತಿಲ್ಲ. ಯಾರು ಹಿಂದುಳಿದವರು ಎಂಬ ಪ್ರಶ್ನೆ ಆಗ ಮಕ್ಕಳಿಗೇ ಏಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಗುಂಪು ಚಟುವಟಿಕೆಗಳಿಗೆ ಒಂದು ಗಡಿಯಿದೆ. ಹಾಡಿಯ ಮಕ್ಕಳಿಗೆ ಆಶ್ರಮ ಶಾಲೆ, ಕ್ಯಾಂಪಿನ ಮಕ್ಕಳಿಗೆ ಟಿಬೆಟನ್ ಶಾಲೆ, ದುಡ್ಡಿದ್ದವರಿಗೆ ಕಾನ್ವೆಂಟು, ಉಳಿದವರಿಗೆ ಸರ್ಕಾರಿ ಶಾಲೆ. ಬೇರೆ ಶಾಲೆಗಳಿಗೆ ಅವುಗಳದೇ ಕಾರಣಗಳಿವೆ. ಮಾತೃಭಾಷೆ, ಊಟ, ದೂರ ಎಲ್ಲ ನಿಜ. ಆದರೆ ವರ್ಷವಿಡೀ ಬೇರೆ ಬೆಂಚುಗಳಲ್ಲಿ ಕೂತವರನ್ನು ಬೇಸಿಗೆಯ ಒಂದು ವಾರ ಸರಿಪಡಿಸಲಾರದು. ಶಾಲೆಯಾಚೆ ನೆಲದ ಪ್ರಶ್ನೆಯೂ ಇದೆ. ಹೈಕೋರ್ಟ್ ಆದೇಶದಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಾಗ, ನಾಗರಹೊಳೆ ಕಾಡಿನಿಂದ ಹೊರಬಿದ್ದ 3,418 ಕುಟುಂಬಗಳನ್ನು ಗುರುತಿಸಿತ್ತು. ನೆಲದ ಹಕ್ಕು ಬಾಕಿಯಿರುವವರ ಮಕ್ಕಳನ್ನು ಕರೆದು ಸಮಾನತೆಯ ಆಟ ಆಡಿಸುವಾಗ ಅದು ನಮ್ಮ ಮನಸ್ಸಿನಲ್ಲಿರಬೇಕು. ಆಟ ಹಕ್ಕುಪತ್ರಕ್ಕೆ ಬದಲಾಗದು. ಆದರೆ ಕೂಡಿ ನಕ್ಷೆ ಬರೆದ ಊರಿನ ಹುಡುಗ ನಾಳೆ ಗ್ರಾಮಸಭೆಯಲ್ಲಿ ಹಾಡಿಯವರ ಅರ್ಜಿ ಬಂದಾಗ ಸುಮ್ಮನೆ ಕೂರಲಾರ. ಆಟದ ಲಾಭ ಏನಿದ್ದರೂ ಅಲ್ಲಿ ಎಣಿಸಬೇಕು.

ಈ ಬೇಸಿಗೆಯಲ್ಲಿ ಶಿಬಿರ ನಡೆಸುವ ಮೇಷ್ಟ್ರುಗಳಿಗೆ, ಯುವಕ ಸಂಘದವರಿಗೆ, ರಂಗತಂಡದವರಿಗೆ ನಮ್ಮ ಕೋರಿಕೆ ಇಷ್ಟೇ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಮೂರು ಸಂಗತಿ ನೋಡಿಕೊಳ್ಳಿ. ಕಲಿಸುವವರ ಪಟ್ಟಿಯಲ್ಲಿ ಹಾಡಿಯವರು, ಕ್ಯಾಂಪಿನವರು ಇದ್ದಾರೆಯೇ, ಬರೀ ಕುಣಿಯುವವರ ಪಟ್ಟಿಯಲ್ಲಿದ್ದಾರೆಯೇ? ಪಾತ್ರೆ ತೊಳೆಯುವ ಸರದಿ ಎಲ್ಲರಿಗೂ ಬರುತ್ತದೆಯೇ? ಸಮಾರೋಪದ ಮರುದಿನ ಈ ಗುಂಪುಗಳು ಮತ್ತೆ ಸೇರಲು ಒಂದು ಅರೆಬರೆ ಉಳಿದ ಕೆಲಸವಿದೆಯೇ? ಮಾಡಿ ನೋಡಿದವರು ನಮಗೆ ಬರೆಯಿರಿ. ಫೋಟೋ ಬೇಡ, ಕೆಲಸ ಎಲ್ಲಿ ಮುಗ್ಗರಿಸಿತು ಎನ್ನುವುದನ್ನು ಬರೆಯಿರಿ. ಗೆದ್ದ ಶಿಬಿರಗಳ ವರದಿ ನಮ್ಮಲ್ಲಿ ಬೇಕಾದಷ್ಟಿದೆ. ಮುಗ್ಗರಿಸಿದ ಕಡೆಯ ವಿವರ ಸಿಕ್ಕರೆ ಮುಂದಿನ ವರ್ಷ ನಡೆಸುವವರಿಗೆ ನಿಜಕ್ಕೂ ಉಪಯೋಗ.