ಮತದಾರರ ಯಾದಿಯೂ ಮತದಾರರ ಮನಸ್ಸೂ

ಅಮೇರಿಕೆಯ ಸುಮಾರು 30 ಸಂಸ್ಥಾನಗಳಲ್ಲಿ ಮತದಾರನು ಹೆಸರು ನೋಂದಿಸುವಾಗಲೇ ತನ್ನ ಪಕ್ಷವನ್ನೂ ಬರೆಯಿಸಬಹುದಾಗಿದೆ. ಆದುದರಿಂದ ಯಾದಿಯನ್ನು ನೋಡಿಯೇ ಪಕ್ಷಗಳ ಏರಿಳಿತವನ್ನು ಎಣಿಸುವ ರೂಢಿಯು ಅಲ್ಲಿರುವದು. 2021ರಲ್ಲಿ ಫ್ಲಾರಿಡಾದ ಯಾದಿಯಲ್ಲಿ ರಿಪಬ್ಲಿಕನ್ನರು ಡೆಮೋಕ್ರಾಟರನ್ನು ಮೀರಿದಾಗ ಅದು ದೊಡ್ಡ ಸುದ್ದಿಯಾಯಿತು. ಆದರೆ ಕೆಂಟಕಿಯ ಮಾತೇ ಬೇರೆ. ಅಧ್ಯಕ್ಷರ ಚುನಾವಣೆಗಳಲ್ಲಿ 2000ದಿಂದಲೂ ರಿಪಬ್ಲಿಕನ್ನರನ್ನೇ ಆರಿಸುತ್ತ ಬಂದ ಆ ಸಂಸ್ಥಾನದ ಯಾದಿಯಲ್ಲಿ 2022ರ ವರೆಗೆ ಡೆಮೋಕ್ರಾಟರೇ ಹೆಚ್ಚಾಗಿದ್ದರು!

ನಮ್ಮ ಯಾದಿಯಲ್ಲಿ ಪಕ್ಷವನ್ನು ಬರೆಯುವದಿಲ್ಲ, ಬರೆಯದಿರುವದೇ ಲೇಸು. ನಿಡಗುಂದಿಯಂಥ ಊರಲ್ಲಿ ಯಾರ ಮತ ಯಾರಿಗೆಂದು ಪೇಟೆಯಲ್ಲಿ ಕುಳಿತು ಹೇಳುವವರಿಗೆ ಬರವಿಲ್ಲ. ಅದಕ್ಕೆ ಸರಕಾರದ ಮುದ್ರೆ ಬೇರೆ ಬೇಡ. ಹಾಗೆ ಹೇಳುವವರ ಲೆಕ್ಕವೂ ತಪ್ಪದೆ ಇರುವದಿಲ್ಲ. 2023ರಲ್ಲಿ ವಿಜಯಪುರ ಜಿಲ್ಲೆಯ ಎಂಟು ವಿಧಾನಸಭಾ ಸ್ಥಾನಗಳಲ್ಲಿ ಆರು ಕಾಂಗ್ರೆಸ್ಸಿಗೆ ಬಂದವು. ನಿಡಗುಂದಿಯನ್ನೊಳಗೊಂಡ ಬಸವನ ಬಾಗೇವಾಡಿಯು ಶ್ರೀ ಶಿವಾನಂದ ಪಾಟೀಲರನ್ನು ಆರಿಸಿತು. ಮರುವರ್ಷವೇ ಅವೇ ಎಂಟು ಕ್ಷೇತ್ರಗಳು ಕೂಡಿದ ಲೋಕಸಭಾ ಕ್ಷೇತ್ರದಿಂದ ಭಾರತೀಯ ಜನತಾ ಪಕ್ಷದ ಶ್ರೀ ರಮೇಶ ಜಿಗಜಿಣಗಿಯವರು ಗೆದ್ದರು. ಇಡೀ ಕರ್ನಾಟಕದ ಲೆಕ್ಕವೂ ವಿಚಾರಾರ್ಹವಾಗಿದೆ. 2018ರಲ್ಲಿಯೂ 2023ರಲ್ಲಿಯೂ ಭಾಜಪದ ಮತಪ್ರಮಾಣ ಶೇಕಡಾ 36ರ ಆಸುಪಾಸಿನಲ್ಲಿಯೇ ಇತ್ತು. ಸ್ಥಾನಗಳು ಮಾತ್ರ 104ರಿಂದ 66ಕ್ಕೆ ಇಳಿದವು. ಜನತಾದಳವು ಶೇಕಡಾ 18ರಿಂದ 13ಕ್ಕೆ ಕುಸಿಯಿತು, ಕಾಂಗ್ರೆಸ್ಸು 38ರಿಂದ 43ರ ಸಮೀಪಕ್ಕೆ ಏರಿತು. ಇದನ್ನೇ ಪ್ರಚಂಡ ಅಲೆಯೆಂದು ವರ್ಣಿಸುವವರು ಮತಗಳನ್ನು ಬಿಟ್ಟು ಕುರ್ಚಿಗಳನ್ನು ಮಾತ್ರ ಎಣಿಸುತ್ತಾರೆಂದು ನಾವು ಹೇಳಬೇಕಾಗಿದೆ.

ಯಾದಿಯು ಮನಸ್ಸನ್ನು ತಿಳಿಸಲಾರದೆಂದು ಅದನ್ನು ಅಲಕ್ಷಿಸಲಾಗದು. ನೆರೆಯ ಕಲಬುರ್ಗಿ ಜಿಲ್ಲೆಯ ಆಳಂದದಲ್ಲಿ 2018ರ ಸೋಲುಗೆಲುವುಗಳ ಅಂತರ ಬರಿಯ 697 ಮತ. 2023ರ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಯಬೇಕೆಂದು 6,018 ಅರ್ಜಿಗಳು ಬಂದವು. ವಿಚಾರಣೆಯಲ್ಲಿ ನಿಜವಾಗಿ ಕಂಡುಬಂದವು 24 ಮಾತ್ರ! ಉಳಿದ ಹೆಸರುಗಳು ಯಾದಿಯಲ್ಲಿ ಉಳಿದವು. ವಿಚಾರಣೆಯಾಗದೆ ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಲಿ.

ನಮ್ಮ ಕೃಷ್ಣಾತೀರದಿಂದಲೂ ಗೋವೆಗೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವ ಕುಟುಂಬಗಳಿವೆ. ಬಾಗಿಲಿಗೆ ಬೀಗ ಕಂಡೊಡನೆ ಊರು ಬಿಟ್ಟರೆಂದು ಬರೆಯುವದು ಸುಲಭ. ಆದರೆ ತಾತ್ಕಾಲಿಕವಾಗಿ ದೂರವಿದ್ದ ಮಾತ್ರಕ್ಕೆ ಮತದಾರನ ವಾಸಸ್ಥಾನ ತಪ್ಪದೆಂದು 1950ರ ಪ್ರಜಾಪ್ರಾತಿನಿಧ್ಯ ಕಾನೂನೇ ಹೇಳಿದೆ. ಹೊಸ ಹೆಸರುಗಳಿಗೆ 2022ರಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳು ದೊರೆತಿವೆ. ಹಳೆಯ ಹೆಸರನ್ನು ಹೊಡೆಯುವ ಮೊದಲು ಅಧಿಕಾರಿಗಳು ಆ ಮನೆಗೆ ಇನ್ನೊಮ್ಮೆ ಹೋಗಿ ನೆರೆಹೊರೆಯವರನ್ನು ವಿಚಾರಿಸಲಿ. ಕರಡು ಯಾದಿಯು ಪ್ರಕಟವಾದಾಗ ಓದುಬಲ್ಲ ಊರವರು, ಓದುಬಾರದವರ ಹೆಸರನ್ನೂ ಅದರಲ್ಲಿ ಹುಡುಕಿಕೊಡಲಿ.