ಹೊಸಬರಿಗೆ ಒಬ್ಬ ಹಿರಿಯರು ಬೇಕು

ಟಿ. ನರಸೀಪುರದಲ್ಲಿರುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಕಾರ್ಖಾನೆಯಲ್ಲಿ ಬಿಚ್ಚಿದ ನೂಲು ಮೈಸೂರು ರೇಷ್ಮೆ ಸೀರೆಯಾಗುತ್ತದೆ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹಿಡಿಯುವುದು, ಒಂದು ಗೂಡು ಮುಗಿದೊಡನೆ ಇನ್ನೊಂದನ್ನು ಸೇರಿಸಿ ನೂಲಿನ ದಪ್ಪ ಕಾಯುವುದು, ಇವನ್ನು ಪಕ್ಕದಲ್ಲಿ ನಿಂತ ಹಿರಿಯರೇ ಕಲಿಸಬೇಕು.

ಯಂತ್ರದ ಕೆಲಸವೂ ಹಾಗೆಯೇ. ನಾನು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಯಂತ್ರ ನಿರ್ವಹಣಾ ವಿಭಾಗದ ಮೇಲ್ವಿಚಾರಕ. ಐಟಿಐ ಮುಗಿಸಿ ಬಂದಾಗ ನನ್ನನ್ನು ಹಿರಿಯ ಫಿಟರ್ ಒಬ್ಬರ ಜೊತೆಗೆ ಹಾಕಿದ್ದರು. ಸ್ಕ್ರೂಡ್ರೈವರ್ ತುದಿಯನ್ನು ಪಂಪಿನ ಬೇರಿಂಗ್ ಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕೆಡುವ ಮುಂಚಿನ ಗರಗರ ಸದ್ದನ್ನು ಗುರುತಿಸಲು ಹೇಳಿಕೊಟ್ಟವರು ಅವರು. "ಡಿಪ್ಲೊಮಾಗೆ ಸೇರ್ಕೊಳಪ್ಪ, ಪಾಳಿ ನಾನು ಹೊಂದಿಸ್ತೀನಿ" ಎಂದವರೂ ಅವರೇ. ನನ್ನ ಇಂದಿನ ಹುದ್ದೆಗೆ ಆ ಮಾತೇ ಬುನಾದಿ.

ಅಪ್ರೆಂಟಿಸ್ ಕಾಯ್ದೆ 1961ರಿಂದಲೂ ಇದೆ. ಈಗಿನ ನಿಯಮದಂತೆ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಬರೆದ ಮಾತ್ರಕ್ಕೆ ಕಸುಬು ಕೈಗೆ ಬರುವುದಿಲ್ಲ. ಉತ್ಪಾದನೆಯ ಒತ್ತಡದಲ್ಲಿ ಹಿರಿಯರಿಗೆ ಪುರುಸೊತ್ತಿಲ್ಲ. ಕಲಿಸಿದರೆ ತಮ್ಮ ಕೆಲಸಕ್ಕೇ ಕುತ್ತು ಎಂಬ ಭಯವೂ ಕೆಲವರಿಗಿದೆ.

ಆದ್ದರಿಂದ ಪ್ರತಿ ಹೊಸಬರಿಗೂ ಒಬ್ಬ ಹಿರಿಯರನ್ನು ಹೆಸರು ಹೇಳಿ ನೇಮಿಸಿ. ವಾರಕ್ಕೆ ಒಂದು ಗಂಟೆಯನ್ನಾದರೂ ಪಾಳಿಯ ಒಳಗೇ ಕಲಿಕೆಗೆ ಮೀಸಲಿಡಿ. ಕಲಿಸಿದವರ ಬಡ್ತಿಯಲ್ಲಿ ಆ ಶ್ರಮವನ್ನು ಲೆಕ್ಕಕ್ಕೆ ಹಿಡಿಯಿರಿ. ಗುತ್ತಿಗೆ ನೌಕರರನ್ನೂ, ಹೆಣ್ಣುಮಕ್ಕಳನ್ನೂ ಇದರಿಂದ ಹೊರಗಿಡಬೇಡಿ. ಯಂತ್ರಕ್ಕೆ ಕೋಟಿ ಸುರಿಯುವ ಆಡಳಿತ ಮಂಡಳಿಗಳಿಗೆ ಇದು ಭಾರದ ಖರ್ಚಲ್ಲ. ನಮ್ಮೂರ ಮಕ್ಕಳ ಬದುಕಿಗೆ ಮಾತ್ರ ಇದೇ ದೊಡ್ಡ ಬಂಡವಾಳ.